ಅಪ್‌ಡೇಟ್ ಹಾಕಿದ ಮೇಲೆ ಕಂಪ್ಯೂಟರ್ ಮಾತಾಡದಿದ್ದರೆ

2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ದುಡಿಮೆ ರೈಲು ಹತ್ತಿತು. ಬೆಳಗಾದರೆ ಮಾರಿಕುಪ್ಪಂನಿಂದ ಹೊರಟ ಬೋಗಿಗಳು ಬಂಗಾರಪೇಟೆಯಲ್ಲಿ ಇನ್ನಷ್ಟು ಜನರನ್ನು ತುಂಬಿಕೊಂಡು ಬೆಂಗಳೂರಿಗೆ ಹೋಗುತ್ತವೆ, ರಾತ್ರಿ ತಿರುಗಿ ಬರುತ್ತವೆ. ಕಂಪ್ಯೂಟರ್ ರಿಪೇರಿ ಬಲ್ಲವರಲ್ಲಿ ಅನೇಕರು ಹಗಲು ಊರಲ್ಲಿರುವುದಿಲ್ಲ. ಕಣ್ಣು ಕಾಣದವರ ಕಂಪ್ಯೂಟರು ನಡುಹಗಲಲ್ಲಿ ಮಾತು ನಿಲ್ಲಿಸಿದಾಗ ಈ ಸಂಗತಿಯ ತೂಕ ಗೊತ್ತಾಗುತ್ತದೆ.

ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ಸ್ಕ್ರೀನ್ ರೀಡರ್. ನಮ್ಮಲ್ಲಿ ಬಹಳ ಜನ ಬಳಸುವುದು ಎನ್‌ವಿಡಿಎ. ಅದನ್ನು 2006ರಲ್ಲಿ ಬರೆಯತೊಡಗಿದವರು ಆಸ್ಟ್ರೇಲಿಯಾದ ಮೈಕೇಲ್ ಕರನ್; ಅವರಿಗೂ ಕಣ್ಣು ಕಾಣದು. ಮರುವರ್ಷ ಜೇಮ್ಸ್ ಟೆಹ್ ಅವರೊಂದಿಗೆ ಸೇರಿ ಎನ್‌ವಿ ಆಕ್ಸೆಸ್ ಸಂಸ್ಥೆ ಕಟ್ಟಿದರು. ಕಾಸು ಕೊಡಬೇಕಿಲ್ಲ, ಅದರ ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಬಹುದು. ವರ್ಷಕ್ಕೆ ಕೆಲವು ಹೊಸ ಆವೃತ್ತಿಗಳು ಬರುತ್ತವೆ. ಹಾಕಿಕೊಳ್ಳುವಾಗ ಒಮ್ಮೊಮ್ಮೆ ಕೆಲಸ ಅರ್ಧಕ್ಕೆ ನಿಂತು ದನಿ ಹೋಗುತ್ತದೆ. ಹಾಗಾದಾಗ ಮಾಡಬೇಕಾದ್ದೇನು, ಅಂಥ ಅಪಾಯವಿದ್ದೂ ಹೊಸದನ್ನು ಹಾಕಿಕೊಳ್ಳಬೇಕೆ, ತಪ್ಪಿದರೆ ಹೊಣೆ ಯಾರದು? ಈ ಪ್ರಶ್ನೆಗಳಿಗೆ ನಿಜವಾಗಿಯೂ ಎರಡು ಪಕ್ಷಗಳಿವೆ. ಅವನ್ನು ಇಬ್ಬರ ಬಾಯಲ್ಲಿ ಇಡುತ್ತಿದ್ದೇನೆ. ಒಬ್ಬರು ರಾಬರ್ಟ್‌ಸನ್‌ಪೇಟೆಯ ನಿವೃತ್ತ ಮೇಷ್ಟ್ರು, ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರು. ಇನ್ನೊಬ್ಬಳು ಬಂಗಾರಪೇಟೆಯಿಂದ ಬೆಂಗಳೂರಿನ ಕಚೇರಿಗೆ ಓಡಾಡುವವಳು, ಹುಟ್ಟಿನಿಂದಲೇ ಕಣ್ಣು ಕಾಣದವಳು. ಇವರನ್ನು ವ್ಯಕ್ತಿಗಳೆಂದು ಹುಡುಕಬೇಡಿ, ನಿಲುವುಗಳೆಂದು ಕೇಳಿಸಿಕೊಳ್ಳಿ.

ಹಿರಿಯರು: ನಡೀತಿರೋದನ್ನ ಮುಟ್ಟಬಾರದಮ್ಮ, ನನ್ನ ವಾದ ಅಷ್ಟೇ. ಕಣ್ಣಿರೋರ ಕಂಪ್ಯೂಟರಿನಲ್ಲಿ ಏನು ಕೆಟ್ಟರೂ ಕೆಟ್ಟಿದೆ ಅಂತ ಪರದೆ ಹೇಳುತ್ತೆ. ನಮಗೆ ಕೆಟ್ಟ ಸುದ್ದಿ ಹೇಳಬೇಕಾದ್ದೇ ಕೆಟ್ಟು ಕೂತಿರುತ್ತೆ. ಮತ್ತೆ ಪ್ರಯತ್ನಿಸಿ ಅನ್ನೋ ಒಂದು ಬಟನ್ ಪರದೆ ಮೇಲೆ ಕಾಯ್ತಾ ಇರಬಹುದು, ಎಂಟರ್ ಒತ್ತಿದ್ದರೆ ಮುಗೀತಿತ್ತು. ಅದು ಅಲ್ಲಿದೆ ಅಂತ ತಿಳಿಯೋ ದಾರಿ ನಮಗಿಲ್ಲ. ದೊಡ್ಡ ಕಂಪನಿಗಳ ಕೈಯಲ್ಲೇ ಅಪ್‌ಡೇಟ್ ಹೇಗೆ ಕೆಡುತ್ತೆ ಅನ್ನೋದನ್ನ 2024ರ ಜುಲೈ 19ರಂದು ಲೋಕವೇ ನೋಡಿತು. ಕ್ರೌಡ್‌ಸ್ಟ್ರೈಕ್‌ನವರ (ಭದ್ರತಾ ತಂತ್ರಾಂಶದ ಕಂಪನಿ ಅದು) ಒಂದು ತಪ್ಪು ಕಡತದಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೆಲಕಚ್ಚಿದವು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನ ಕೈಯಲ್ಲಿ ಬರೆದು ಕೊಟ್ಟರು. ಅವನ್ನ ಸರಿ ಮಾಡೋಕೆ ಎಷ್ಟೋ ಕಡೆ ಒಂದೊಂದು ಯಂತ್ರದ ಮುಂದೆಯೂ ಮನುಷ್ಯ ಕೂತು ಸೇಫ್ ಮೋಡ್‌ಗೆ ಹೋಗಬೇಕಾಯ್ತು. ಆ ಜಾಗದಲ್ಲಿ ಎನ್‌ವಿಡಿಎ ಮಾತಾಡಲ್ಲ. ಅಂಥಾ ಕಡೆ ನನ್ನಂಥವನು ಏನು ಮಾಡಬೇಕು?

ಕಿರಿಯಳು: ಮೇಷ್ಟ್ರೇ, ನಡೀತಿರೋದು ಅಂತೀರಲ್ಲ, ಅದು ನಿಂತಲ್ಲೇ ನಿಂತಿರುತ್ತೆ ಅನ್ನೋ ನಂಬಿಕೆಯೇ ತಪ್ಪು. ನೀವು ಮುಟ್ಟದಿದ್ದರೂ ಸುತ್ತಲಿನದು ಬದಲಾಗ್ತಾ ಇರುತ್ತೆ. ನಿಮ್ಮ ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೇ ಬೆಂಬಲ ನಿಲ್ಲಿಸಿತು. ಕ್ರೋಮ್ ಬ್ರೌಸರ್ ಅದರಲ್ಲಿ 109ನೇ ಆವೃತ್ತಿಗೆ ನಿಂತುಹೋಗಿದೆ. ಇವತ್ತು ತೆರೆಯುವ ಬ್ಯಾಂಕಿನ ಪುಟ ನಾಳೆ ತೆರೆಯದೆ ಇರಬಹುದು. ಆಗ ನೀವು ಎನ್‌ವಿಡಿಎ ಕೆಟ್ಟಿತು ಅಂತೀರಿ, ಕೆಟ್ಟಿರೋದು ಅದಲ್ಲ. ಭದ್ರತೆ ಮಾತಂತೂ ಬೇರೆಯೇ. 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳೋ ವಾನಾಕ್ರೈ ಬಂದಾಗ ಅದು ನುಗ್ಗಿದ ತೂತನ್ನ ಮುಚ್ಚೋ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು, ಅದರಲ್ಲಿ ಹೆಚ್ಚಿನವು ವಿಂಡೋಸ್ 7 ಯಂತ್ರಗಳು. ಎನ್‌ವಿಡಿಎಯಲ್ಲೇ 2022ರಲ್ಲಿ ಲಾಕ್ ಸ್ಕ್ರೀನಿಗೆ ಸಂಬಂಧಪಟ್ಟ ಭದ್ರತಾ ದೋಷ ತಿದ್ದೋಕೆ ಸಣ್ಣ ಆವೃತ್ತಿಗಳನ್ನ ಬಿಡಬೇಕಾಯ್ತು. ಹಳೇದರಲ್ಲೇ ಇರ್ತೀನಿ ಅನ್ನೋದೂ ಒಂದು ಅಪಾಯವನ್ನ ಒಪ್ಪಿಕೊಂಡ ಹಾಗೇ. ಆ ಅಪಾಯ ಶಬ್ದ ಮಾಡಲ್ಲ, ಅಷ್ಟೇ ವ್ಯತ್ಯಾಸ.

ಹಿರಿಯರು: ನೀನು ಹೇಳಿದ್ದೇ ನನ್ನ ದೂರು. ಒಂದನ್ನ ಹೊಸದು ಮಾಡಿದರೆ ಇನ್ನೊಂದು ಹೊಸದು ಬೇಕು ಅನ್ನುತ್ತೆ. ಎನ್‌ವಿಡಿಎ 2024.1 ಬಂದಾಗ ವಿಂಡೋಸ್ 7ನ್ನ ಬಿಟ್ಟುಬಿಟ್ಟರು. ಸರಿ, ವಿಂಡೋಸ್ 10ಕ್ಕೆ ಹೋಗು ಅಂದರೆ ಅದಕ್ಕೂ 2025ರ ಅಕ್ಟೋಬರ್ 14ಕ್ಕೆ ಉಚಿತ ಬೆಂಬಲ ಮುಗೀತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಹಳೇ ಯಂತ್ರಗಳಲ್ಲಿ ಅದಿಲ್ಲ. ಪುಕ್ಕಟೆ ತಂತ್ರಾಂಶ ಅಂತ ಹೊಗಳ್ತೀವಿ, ಬೆಂಬಲ ಇರೋ ವಿಂಡೋಸ್‌ನಲ್ಲಿ ಅದನ್ನ ನಡೆಸೋಕೆ ಪಿಂಚಣಿ ದುಡ್ಡಲ್ಲಿ ಹೊಸ ಕಂಪ್ಯೂಟರ್ ಕೊಳ್ಳಬೇಕು. ಎನ್‌ವಿಡಿಎಗೆ ಸೇರಿಸಿಕೊಳ್ಳೋ ಸಣ್ಣ ತಂತ್ರಾಂಶಗಳು, ಆ ಆಡ್‌ಆನ್‌ಗಳ ಕತೆಯೂ ಹಾಗೇ. ಪ್ರತಿ ವರ್ಷದ ಮೊದಲ ಆವೃತ್ತಿ ಬಂದಾಗ ಹಳೇ ಆಡ್‌ಆನ್‌ಗಳು ಹೊಂದಲ್ಲ ಅಂತ ಪಕ್ಕಕ್ಕಿಡ್ತಾರೆ. 2019.3ರಲ್ಲಂತೂ ಅದನ್ನ ಬರೆದ ಪೈಥಾನ್ ಭಾಷೆಯ ಆವೃತ್ತಿಯನ್ನೇ ಬದಲಾಯಿಸಿ ಆವರೆಗಿನ ಎಲ್ಲವನ್ನೂ ಮತ್ತೆ ಬರೀಬೇಕು ಅನ್ನೋ ಹಾಗೆ ಮಾಡಿದರು. ಕೆಲಸ ಕಲಿತದ್ದೇ ಆ ಆಡ್‌ಆನ್ ಮೇಲೆ ಅನ್ನೋನ ಗತಿ ಏನು?

ಕಿರಿಯಳು: ಪೈಥಾನ್ ಬದಲಾದದ್ದು ಅವರ ಹಟಕ್ಕಲ್ಲ. ಪೈಥಾನ್ 2ರ ಬೆಂಬಲವೇ 2020ರ ಜನವರಿ 1ಕ್ಕೆ ಮುಗೀತು. ಹೋಗೋ ನೆಲದ ಮೇಲೆ ಸಣ್ಣ ಸಂಸ್ಥೆ ಮನೆ ಉಳಿಸಿಕೊಂಡು ಕೂರೋಕಾಗಲ್ಲ. ಆದರೆ ಯಂತ್ರದ ಖರ್ಚಿನ ಮಾತು ನಿಮ್ಮದು ಸರಿ, ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ನನಗೆ ಬೇಸರ ಆಗೋದು ಬೇರೆ ವಿಷಯಕ್ಕೆ. ಅಪ್‌ಡೇಟ್ ಫೇಲಾಯ್ತು ಅಂತ ಹೇಳುವಾಗ ನಮ್ಮ ಜನ ಐದಾರು ಬೇರೆ ಬೇರೆ ತೊಂದರೆಗಳನ್ನ ಒಂದೇ ಹೆಸರಿನಲ್ಲಿ ಕರೀತಾರೆ. ಬಿಡಿಸಿ ನೋಡಿದರೆ ಅದರಲ್ಲಿ ಬಹಳಷ್ಟಕ್ಕೆ ಮದ್ದು ನಮ್ಮ ಕೈಯಲ್ಲೇ ಇದೆ.

ಇಲ್ಲಿಂದ ಅವಳ ಮಾತು ಉದ್ದವಾಗುತ್ತದೆ. ಉದ್ದವಾಗಲಿ. ಸ್ಕ್ರೀನ್ ರೀಡರ್ ಬಗ್ಗೆ ಕನ್ನಡದಲ್ಲಿ ಬರುವ ಬರಹಗಳು ಹೆಚ್ಚಾಗಿ ಸಾಧಕರ ಪರಿಚಯಕ್ಕೆ ಮುಗಿಯುತ್ತವೆ. ಯಂತ್ರ ಮೌನವಾದ ಮಧ್ಯಾಹ್ನ ಯಾವ ಕೀಲಿ ಒತ್ತಬೇಕೆಂದು ಹೇಳುವವರು ಕಡಿಮೆ.

ಕಿರಿಯಳು: ಮೊದಲನೆಯದು, ಕಾಯೋದು. ಹೊಸ ಆವೃತ್ತಿಯ ಕಡತ ತೆರೆದಾಗ ಒಂದು ತಾತ್ಕಾಲಿಕ ಪ್ರತಿ ಎದ್ದು ನಿಲ್ಲುತ್ತೆ, ಸಣ್ಣ ಸಂಗೀತ ಕೇಳುತ್ತೆ, ಹಳೇದು ಬಾಗಿಲು ಹಾಕುತ್ತೆ. ಕಡತಗಳು ಜಾಗಕ್ಕೆ ಕೂರುವಾಗ ಬೀಪ್ ಬೀಪ್ ಅನ್ನುತ್ತಿರುತ್ತೆ. ಬೀಪ್ ಇರೋವರೆಗೂ ಕೆಲಸ ನಡೀತಿದೆ ಅಂತ ಅರ್ಥ. ಗಾಬರಿಯಾಗಿ ಪವರ್ ಬಟನ್ ಒತ್ತಿದರೆ ಅಲ್ಲಿಗೆ ನಿಜವಾಗಿಯೂ ಕೆಡುತ್ತೆ. ಎರಡನೆಯದು, ಮುಂದುವರಿಯೋ ಬಟನ್ ಒತ್ತೋಕೇ ಬರ್ತಿಲ್ಲ ಅನ್ನೋ ದೂರು. ಹೊಂದದ ಆಡ್‌ಆನ್‌ಗಳಿದ್ದರೆ, ಅವು ನಿಷ್ಕ್ರಿಯವಾಗ್ತವೆ ಅಂತ ನನಗೆ ತಿಳಿದಿದೆ ಅನ್ನೋ ಒಂದು ಚೌಕಕ್ಕೆ ಗುರುತು ಹಾಕಬೇಕು. ಹಾಕೋವರೆಗೆ ಬಟನ್ ಏಳೋದಿಲ್ಲ. ಟ್ಯಾಬ್ ಒತ್ತಿ ಹುಡುಕದವರು ಅಪ್‌ಡೇಟೇ ಕೆಟ್ಟಿದೆ ಅಂತ ಬಿಟ್ಟುಬಿಡ್ತಾರೆ. ಮೂರನೆಯದು ನಮ್ಮ ಮನೆಗಳಲ್ಲಿ ಸಾಮಾನ್ಯ. ಒಂದೇ ಕಂಪ್ಯೂಟರ್, ಅಣ್ಣನಿಗೊಂದು ಖಾತೆ, ತಂಗಿಗೊಂದು ಖಾತೆ. ಒಬ್ಬರು ಸೈನ್ ಔಟ್ ಆಗದೆ ಇನ್ನೊಬ್ಬರು ಒಳಗೆ ಹೋದರೆ ಆ ಖಾತೆಯಲ್ಲಿ ಹಳೇ ಎನ್‌ವಿಡಿಎ ಎದ್ದೇ ಇರುತ್ತೆ, ಅದರ ಕಡತಗಳನ್ನ ತೆಗೆಯೋಕಾಗದೆ ಹೊಸದು ನಿಲ್ಲುತ್ತೆ. ಸಂದೇಶದಲ್ಲೇ ಈ ಕಾರಣ ಬರೆದಿರುತ್ತೆ, ಕೇಳಿಸಿಕೊಳ್ಳೋ ತಾಳ್ಮೆ ಬೇಕು. ಎಲ್ಲಾ ಖಾತೆಗಳಿಂದ ಹೊರಬಂದು ರೀಸ್ಟಾರ್ಟ್ ಮಾಡಬೇಕು. ರೀಸ್ಟಾರ್ಟ್ ಅಂದೆ, ಶಟ್‌ಡೌನ್ ಅಲ್ಲ. ವಿಂಡೋಸ್ 8ರಿಂದೀಚೆಗೆ ಫಾಸ್ಟ್ ಸ್ಟಾರ್ಟಪ್ ಇರೋ ಯಂತ್ರದಲ್ಲಿ ಶಟ್‌ಡೌನ್ ಕೊಟ್ಟರೆ ಒಳಗಿನದು ಪೂರ್ತಿ ಆರಲ್ಲ, ಬೇರೆ ಪ್ರೋಗ್ರಾಂ ಹಿಡಿದುಕೊಂಡ ಕಡತಗಳ ಬದಲಾವಣೆ ಹಾಗೇ ಬಾಕಿ ಉಳಿಯುತ್ತೆ.

ಹಿರಿಯರು: ಇವೆಲ್ಲ ದನಿ ಇರೋವರೆಗಿನ ಮಾತಾಯ್ತು. ದನಿ ಹೋದ ಮೇಲೆ?

ಕಿರಿಯಳು: ಆಗಲೂ ಮೊದಲು ಕಂಟ್ರೋಲ್, ಆಲ್ಟ್, ಎನ್. ಎನ್‌ವಿಡಿಎ ಇದ್ದರೆ ಏಳುತ್ತೆ. ಏಳದಿದ್ದರೆ ವಿಂಡೋಸ್, ಕಂಟ್ರೋಲ್, ಎಂಟರ್ ಒಟ್ಟಿಗೆ ಒತ್ತಿ. ವಿಂಡೋಸ್‌ನ ಸ್ವಂತ ನರೇಟರ್ ಮಾತಾಡುತ್ತೆ. ಅದೂ ಮಾತಾಡದಿದ್ದರೆ ತಪ್ಪು ಹೆಚ್ಚಾಗಿ ಸ್ಕ್ರೀನ್ ರೀಡರಿನದಲ್ಲ, ಸೌಂಡಿನದು. ಬ್ಲೂಟೂತ್ ಹೆಡ್‌ಸೆಟ್‌ಗೆ ದನಿ ಹೋಗಿ ಕೂತಿರಬಹುದು. ನರೇಟರ್ ಮಾತಾಡಿದರೆ ಅದರ ಸಹಾಯದಿಂದ ಎನ್‌ವಿಡಿಎಯನ್ನ ಆಡ್‌ಆನ್ ಇಲ್ಲದೆ ಎಬ್ಬಿಸಬಹುದು. ಎದ್ದರೆ ಕಳ್ಳ ಆಡ್‌ಆನ್ ಒಳಗೇ ಇದೆ ಅಂತಾಯ್ತು. ಏಳದಿದ್ದರೆ ಹಳೇದನ್ನ ತೆಗೆದು ಹೊಸದಾಗಿ ಹಾಕಬೇಕು. ಇನ್ನೊಂದಿದೆ, ಇಂಗ್ಲಿಷ್ ಓದುತ್ತೆ, ಕನ್ನಡ ಬಂದ ಕಡೆ ಮೌನ. ಅದು ಅಪ್‌ಡೇಟ್ ಕೆಟ್ಟಿದ್ದಲ್ಲ. ಸೆಟ್ಟಿಂಗ್ ಅಳಿಸಿಹೋಗಿ ಎನ್‌ವಿಡಿಎ ಜೊತೆ ಬರೋ ಈಸ್ಪೀಕ್ ದನಿ ಬದಲು ವಿಂಡೋಸ್‌ನ ದನಿ ಬಂದಿದೆ, ಅದರಲ್ಲಿ ಕನ್ನಡ ಇಲ್ಲ. ಎನ್‌ವಿಡಿಎ ಕೀಲಿ, ಕಂಟ್ರೋಲ್, ಎಸ್ ಒತ್ತಿ ಈಸ್ಪೀಕ್ ಆರಿಸಿಕೊಂಡರೆ ಮುಗೀತು. ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಓದ್ತಿದ್ದರೆ ಆ ಕಡತ ಹಳೇ ನುಡಿ ಫಾಂಟಿನದು, ಯುನಿಕೋಡ್ ಅಲ್ಲ. ಯಾವ ಆವೃತ್ತಿ ಹಾಕಿದರೂ ಅದು ಹಾಗೇ ಓದೋದು. ಕೊನೆಗೆ, ಎಲ್ಲಕ್ಕೂ ಮೊದಲೇ ಮಾಡಿಡಬೇಕಾದ್ದು ಒಂದಿದೆ. ಪೆನ್‌ಡ್ರೈವ್‌ನಲ್ಲಿ ಎನ್‌ವಿಡಿಎಯ ಪೋರ್ಟಬಲ್ ಪ್ರತಿ. ಯಂತ್ರದಲ್ಲಿರೋದು ಸತ್ತರೂ ಇದು ಮಾತಾಡುತ್ತೆ.

ಹಿರಿಯರು: ಎಲ್ಲಾ ಕಡೆ ಮಾತಾಡಲ್ಲ. ಬದಲಾವಣೆ ಮಾಡಲಾ ಅಂತ ವಿಂಡೋಸ್ ಅನುಮತಿ ಕೇಳೋ ಪರದೆ ಬಂದರೆ ಪೋರ್ಟಬಲ್ ಪ್ರತಿಗೆ ಅಲ್ಲಿ ಓದೋ ಅಧಿಕಾರ ಇಲ್ಲ. ಹೊಸದಾಗಿ ಹಾಕಬೇಕು ಅಂದರೆ ಆ ಪರದೆ ದಾಟಲೇಬೇಕು. ಮನೆ ಯಂತ್ರವಾದರೆ ಊಹೆ ಮೇಲೆ ಆಲ್ಟ್ ವೈ ಒತ್ತಬಹುದು. ಕಚೇರಿ ಯಂತ್ರದಲ್ಲಿ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತೆ, ಅದು ನಿನ್ನ ಹತ್ತಿರ ಇರಲ್ಲ. ಐಟಿ ವಿಭಾಗದೋರು ಬರೋವರೆಗೆ ನೀನು ಸುಮ್ಮನೆ ಕೂರಬೇಕು, ಪಕ್ಕದೋರು ಕೆಲಸ ಮಾಡ್ತಿರ್ತಾರೆ. ನಿನ್ನ ಪಟ್ಟಿಯಲ್ಲಿ ಒಂದೂ ತಪ್ಪಿಲ್ಲಮ್ಮ. ಆದರೆ ಅದರಲ್ಲಿರೋ ಕೆಲಸವೆಲ್ಲ ಕಣ್ಣು ಕಾಣದವನ ಹೆಗಲ ಮೇಲೇ ಬಿದ್ದಿದೆ. ಈ ಸೀಮೆಯಲ್ಲಿ ಹುಟ್ಟಿದೋಳು ನೀನು, ಒಂದು ವಿಷಯ ಕೇಳ್ತೀನಿ. ಗಣಿಯೊಳಗೆ ಜನ ಇಳಿಸಬೇಕಾದರೆ ಹೊರಗೆ ಬರೋಕೆ ಕನಿಷ್ಠ ಎರಡು ದಾರಿ ಇರಬೇಕು ಅಂತ ಗಣಿ ನಿಯಮ. ಒಂದು ಕುಸಿದರೆ ಇನ್ನೊಂದು. ಆ ಎರಡನೇ ದಾರಿಯನ್ನ ಕೂಲಿಯವನು ತನ್ನ ಸಂಬಳದಲ್ಲಿ, ತನ್ನ ರಜಾದಿನದಲ್ಲಿ ತೋಡಿಕೋ ಅಂತ ಯಾರಾದರೂ ಹೇಳಿದ್ದರಾ? ಅದು ಗಣಿ ನಡೆಸೋರ ಹೊಣೆ. ಪೆನ್‌ಡ್ರೈವ್ ಇಟ್ಟುಕೋ ಅಂತ ನನಗೆ ಹೇಳ್ತೀಯಲ್ಲ, ಅದೇ ಮಾತನ್ನ ಕೆಲಸ ಕೊಟ್ಟೋರಿಗೆ ಯಾಕೆ ಹೇಳಲ್ಲ?

ವಾದದ ತಿರುಳು ಇಲ್ಲಿದೆ ಎಂದು ನನಗೆ ತೋರುತ್ತದೆ. ದುರಸ್ತಿಯ ಜ್ಞಾನ ಬೇಕು ಎನ್ನುವುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಆ ಜ್ಞಾನ ಇರುವವನಿಗೂ ಯಂತ್ರದ ಒಡೆತನ ಇಲ್ಲದಿದ್ದರೆ ಅದು ಅರ್ಧ ಉಪಯೋಗಕ್ಕೆ ಬರುತ್ತದೆ. ಆದರೆ ಒಡೆತನ ಇರುವವರು ತಮ್ಮ ಪಾಲು ಮಾಡುವವರೆಗೆ ಬಳಸುವವರು ಕೈಕಟ್ಟಿ ಕೂತರೆ ನಷ್ಟ ಆಗುವುದು ಆ ಒಡೆಯರಿಗಲ್ಲ. ಅವಳ ಉತ್ತರ ಅಲ್ಲಿಂದಲೇ ಹೊರಡುತ್ತದೆ.

ಕಿರಿಯಳು: ಹೇಳಬೇಕು, ಹೇಳೋಕೆ ಕಾನೂನೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ಮಾಹಿತಿ ತಂತ್ರಜ್ಞಾನ ನಮಗೂ ಎಟುಕಬೇಕು ಅನ್ನುತ್ತೆ. ಪ್ರತಿ ಸಂಸ್ಥೆಯೂ ಸಮಾನ ಅವಕಾಶದ ನೀತಿ ಪ್ರಕಟಿಸಬೇಕು ಅನ್ನೋದು 21ನೇ ಸೆಕ್ಷನ್. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಎಟುಕುವಿಕೆಯ ಮಾನದಂಡಗಳು ಬರೀ ಸಲಹೆಯಾಗಿ ಉಳಿಯೋ ಹಾಗಿಲ್ಲ, ಕಡ್ಡಾಯ ಆಗಬೇಕು ಅಂತು. 2025ರ ಏಪ್ರಿಲ್ 30ರ ಪ್ರಜ್ಞಾ ಪ್ರಸೂನ್ ತೀರ್ಪಿನಲ್ಲಿ ಡಿಜಿಟಲ್ ಸೇವೆ ಎಟುಕೋದು ಸಂವಿಧಾನದ 21ನೇ ವಿಧಿಯ ಬದುಕಿನ ಹಕ್ಕಿನೊಳಗೇ ಬರುತ್ತೆ ಅಂತ ಹೇಳಿತು. ನನಗೆ ಇದರ ಬೆಲೆ ಗೊತ್ತು. ಆದರೆ ಮಂಗಳವಾರ ಮಧ್ಯಾಹ್ನ ಯಂತ್ರ ಮೌನವಾದಾಗ ತೀರ್ಪು ಬಂದು ಎಬ್ಬಿಸಲ್ಲ. ಹಕ್ಕು ಕೇಳೋದೂ ಕೀಲಿ ಕಲಿಯೋದೂ ಒಟ್ಟಿಗೇ ಆಗಬೇಕು. ಕಲಿತೋರು ಕೇಳಿದರೆ ಕೇಳಿಕೆಗೂ ಬಲ ಬರುತ್ತೆ. ಸಹಾಯ ಮಾಡಿ ಅಂತ ಕೇಳೋಕಿಂತ, ನಮ್ಮ ಯಂತ್ರಕ್ಕೆ ಎನ್‌ವಿಡಿಎ ಹಾಕೋ ಅನುಮತಿಯನ್ನ ಮೊದಲೇ ಕೊಡಿ, ಹೊಸ ಆವೃತ್ತಿಯನ್ನ ಎಲ್ಲರಿಗೂ ಹಾಕೋ ಮೊದಲು ಒಂದು ಯಂತ್ರದಲ್ಲಿ ಪರೀಕ್ಷಿಸಿ ಅಂತ ಕೇಳಬಹುದು.

ಹಿರಿಯರು: ಆ ಕೊನೇ ತೀರ್ಪಿನಲ್ಲಿ ಕೋರ್ಟು ನೋಡಿದ್ದು ಬ್ಯಾಂಕು ಗ್ರಾಹಕರ ಗುರುತು ನೋಡೋ ಕೆವೈಸಿ, ವೆಬ್‌ಸೈಟು. ಅಪ್‌ಡೇಟ್ ಕೆಟ್ಟ ದಿನದ ಸಂಬಳ, ಕೆಟ್ಟ ದಿನದ ಹೆಸರು, ಇದನ್ನ ಯಾರು ಲೆಕ್ಕಕ್ಕೆ ತಗೋತಾರೆ? ಇನ್ನೊಂದು ಮಾತು. ನಿನ್ನ ಪ್ರಾಯದೋರು ಇನ್ನೊಬ್ಬರ ಸಹಾಯ ಇಲ್ಲದೆ ಅನ್ನೋದನ್ನ ಬಹಳ ದೊಡ್ಡದು ಮಾಡ್ತೀರಿ. ಕಣ್ಣಿರೋ ನೆರೆಯವನನ್ನ ಕರೆದು, ಪರದೆ ಮೇಲೆ ಏನಿದೆ ಓದಪ್ಪ ಅನ್ನೋದರಲ್ಲಿ ಸೋಲೇನಿಲ್ಲ.

ಕಿರಿಯಳು: ಸೋಲು ಅಂತ ನಾನೂ ಅನ್ನಲ್ಲ. ಆದರೆ ಓದಪ್ಪ ಅಂದರೆ ಓದೋರು ಕಡಿಮೆ. ಏನೋ ಒತ್ತಿ, ಆಯ್ತು ಬಿಡಿ ಅಂತ ಎದ್ದು ಹೋಗ್ತಾರೆ, ಏನು ಒತ್ತಿದರು ಅನ್ನೋದು ನಮಗೆ ತಿಳಿಯೋದೇ ಇಲ್ಲ. ಮುಂದಿನ ಸಲ ಮತ್ತೆ ಅವರನ್ನೇ ಕಾಯಬೇಕು. ಫೋನಿನ ಬಿ ಮೈ ಐಸ್‌ನಂಥ ಆ್ಯಪ್‌ಗೆ ಪರದೆ ತೋರಿಸಿದರೆ ಇರೋದನ್ನ ಹೆಚ್ಚಾಗಿ ಇದ್ದ ಹಾಗೆ ಓದುತ್ತೆ, ನಿರ್ಧಾರ ನಮ್ಮ ಕೈಯಲ್ಲೇ ಉಳಿಯುತ್ತೆ. 2025.1ರಿಂದ ಎನ್‌ವಿಡಿಎಯೊಳಗೇ ರಿಮೋಟ್ ಆಕ್ಸೆಸ್ ಬಂದಿದೆ. ಬಂಗಾರಪೇಟೆಯಿಂದಲೇ ನಾನು ನಿಮ್ಮ ಯಂತ್ರ ನೋಡಬಹುದು.

ಹಿರಿಯರು: ನನ್ನ ಎನ್‌ವಿಡಿಎ ಎದ್ದಿದ್ದರೆ ನೋಡಬಹುದು. ಅದು ಬಿದ್ದಾಗ ತಾನೇ ನೀನು ಬೇಕಾಗೋದು! ಫೋನಿನ ಕ್ಯಾಮೆರಾಗೆ ತೋರಿಸುವಾಗ ಪರದೆ ಮೇಲೆ ಬ್ಯಾಂಕಿನ ಪುಟವೂ ಇದ್ದರೆ ಅದೂ ಹೊರಗೆ ಹೋಯ್ತು. ನಿನ್ನ ಒಂದೊಂದು ಉಪಾಯಕ್ಕೂ ಒಂದೊಂದು ತೂತಿದೆ.

ಕಿರಿಯಳು: ಇದೆ. ಅದಕ್ಕೇ ಒಂದನ್ನೇ ನಂಬಬಾರದು ಅನ್ನೋದು. ಅದಕ್ಕಿಂತ ಮುಖ್ಯ, ಕೆಟ್ಟದ್ದನ್ನ ಬರೆದು ಕಳಿಸಬೇಕು. ಟೆಂಪ್ ಫೋಲ್ಡರಿನಲ್ಲಿ ಎನ್‌ವಿಡಿಎ ಡಾಟ್ ಲಾಗ್ ಅಂತ ಕಡತ ಇರುತ್ತೆ. ಮತ್ತೆ ಶುರುವಾದಾಗ ಹಿಂದಿನ ಸಲದ್ದು ಎನ್‌ವಿಡಿಎ ಓಲ್ಡ್ ಡಾಟ್ ಲಾಗ್ ಅಂತಾಗುತ್ತೆ, ಮೂರನೇ ಸಲಕ್ಕೆ ಮೊದಲನೆಯದು ಅಳಿಸಿಹೋಗುತ್ತೆ. ಕೆಟ್ಟ ತಕ್ಷಣ ಸುಮ್ಮನೆ ಮತ್ತೆ ಮತ್ತೆ ಎಬ್ಬಿಸಿದರೆ ಸಾಕ್ಷಿಯೇ ಹೋಯ್ತು. ಅದನ್ನ ಎತ್ತಿಟ್ಟು ಕಳಿಸಿದರೆ ತಿದ್ದೋರಿಗೆ ನಮ್ಮ ಯಂತ್ರಗಳ ಕಷ್ಟ ಕಾಣುತ್ತೆ. ಒಂದೇ ಯಂತ್ರದಲ್ಲಿ ನಾಲ್ಕು ಖಾತೆ, ಒಂದೇ ಪುಟದಲ್ಲಿ ಕನ್ನಡ, ತಮಿಳು, ಇಂಗ್ಲಿಷ್, ನಡುವೆ ಕರೆಂಟ್ ಹೋಗೋದು. ಇವೆಲ್ಲ ಇಲ್ಲಿಂದ ಹೋಗದಿದ್ದರೆ ಆಸ್ಟ್ರೇಲಿಯಾದೋರಿಗೆ ಹೇಗೆ ಗೊತ್ತಾಗಬೇಕು?

ಹಿರಿಯರು: ಲಾಗಿನಲ್ಲಿರೋದು ಇಂಗ್ಲಿಷು. ಕಳಿಸೋ ಪತ್ರವೂ ಇಂಗ್ಲಿಷು. ಕೆಜಿಎಫ್‌ನಲ್ಲಿ ಅದು ಕೆಲವರಿಗೆ ಸಲೀಸು, ಮುಳಬಾಗಿಲಿನ ಹಳ್ಳಿ ಹುಡುಗನಿಗೆ ಅಲ್ಲ.

ಕಿರಿಯಳು: ಆ ಹುಡುಗನ ಪರವಾಗಿ ನಾನು ಬರೀತೀನಿ, ನೀವೂ ಬರೆಯಬಹುದು, ಮೇಷ್ಟ್ರಾಗಿದ್ದೋರು. ಆದರೆ ಅವನಿಗೆ ವಿಂಡೋಸ್ 7ರಲ್ಲೇ ಇರು ಅಂತ ಮಾತ್ರ ಹೇಳಬೇಡಿ. ಅವನ ಮುಂದೆ ಇನ್ನೂ ಮೂವತ್ತು ವರ್ಷದ ಕೆಲಸ ಇದೆ.

ಹಿರಿಯರು: ಹೇಳಲ್ಲ. ಆದರೆ ಆವೃತ್ತಿ ಬಂದ ದಿನವೇ ಹಾಕು ಅಂತ ನೀನೂ ಹೇಳಬೇಡ. ಮೊದಲ ತಪ್ಪುಗಳನ್ನ ತಿದ್ದಿದ ಸಣ್ಣ ಆವೃತ್ತಿ ಬರೋವರೆಗೆ ತಡೆಯಲಿ. ಹಾಕೋದಿದ್ದರೆ ಭಾನುವಾರ ಹಾಕಲಿ, ರೈಲು ಹತ್ತೋರು ಊರಲ್ಲಿರ್ತಾರೆ.

ಕಿರಿಯಳು: ಭದ್ರತೆಯ ತಿದ್ದುಪಡಿ ಆದರೆ ಭಾನುವಾರಕ್ಕೆ ಕಾಯೋದು ಬೇಡ. ಉಳಿದದ್ದಕ್ಕೆ ಒಪ್ಪಿದೆ.

ಹಿರಿಯರು: ಮತ್ತೆ ನಿಮ್ಮ ಕಚೇರಿಗೆ?

ಕಿರಿಯಳು: ಬರೆದು ಕೊಡ್ತೀನಿ, ಸೆಕ್ಷನ್ ನಮೂದಿಸಿ. ನರೇಟರ್ ಆನ್ ಇರಬೇಕು, ಅಡ್ಮಿನ್ ಅನುಮತಿಗೆ ಒಬ್ಬರ ಹೆಸರೂ ಫೋನ್ ನಂಬರೂ ಇರಬೇಕು, ಕೆಟ್ಟ ಹೊತ್ತನ್ನ ನನ್ನ ಕೆಲಸದ ಲೆಕ್ಕದಲ್ಲಿ ಕಳೀಬಾರದು ಅಂತ.

ಹಿರಿಯರು: ಅವರ ಉತ್ತರ ಬರೋವರೆಗೆ ನೀನು ಕಚೇರಿ ಯಂತ್ರಕ್ಕೆ ಹೊಸದು ಹಾಕದಿದ್ದರೆ ಒಳ್ಳೇದು.

ಕಿರಿಯಳು: ಅದನ್ನ ಮಾತ್ರ ಒಪ್ಪಲ್ಲ ಮೇಷ್ಟ್ರೇ. ಪತ್ರವನ್ನ ಬೆಳಿಗ್ಗೆ ಕೊಡ್ತೀನಿ, ಹೊಸ ಆವೃತ್ತಿಯನ್ನ ಸಂಜೆ ಹಾಕ್ಕೋತೀನಿ.